ಪಿನ್‌ಬಾಲ್ ಮಿಷಿನ್ ಮೋಸ ಮಾಡುತ್ತದೆಯೇ? ಮಲೆನಾಡಿನ ಮಳೆಗೆ ತಡೆಯುತ್ತದೆಯೇ?

ಪ್ರಶ್ನೆ: ನಾವು ಸಾಗರದ ಹತ್ತಿರದವರು. ಅಡಿಕೆ ತೋಟ, ಜೊತೆಗೊಂದು ಚಿಕ್ಕ ಹೋಂಸ್ಟೇ ಇದೆ. ಈಚೆಗೆ ಬೆಂಗಳೂರಿಗೆ ಹೋಗಿದ್ದಾಗ ಮಗಳು ಗೇಮ್ ಜೋನ್‌ಗೆ ಕರೆದುಕೊಂಡು ಹೋದಳು. ಅಲ್ಲಿ ಹೊಸ ಪಿನ್‌ಬಾಲ್ ಮಿಷಿನ್ ಇತ್ತು. ಲೈಟು, ಸ್ಕ್ರೀನು, ಸದ್ದು ಎಲ್ಲ ಜೋರು. ಆದರೆ ಒಂದೊಂದು ಬಾಲೂ ಅರ್ಧ ನಿಮಿಷ ನಿಲ್ಲಲಿಲ್ಲ. ಸಿಟ್ಟು ಬಂದು ಮಿಷಿನ್ ಅಲ್ಲಾಡಿಸಿದೆ. ‘ಟಿಲ್ಟ್’ ಅಂತ ತೋರಿಸಿ ಬಟನ್‌ಗಳು ಕೆಲಸ ಮಾಡುವುದನ್ನೇ ನಿಲ್ಲಿಸಿದವು. ಇದರಲ್ಲಿ ಮೋಸ ಏನಾದರೂ ಇದೆಯೇ, ಇಲ್ಲ ನನಗೇ ಆಡಲು ಬರಲಿಲ್ಲವೇ? ಇನ್ನೊಂದು ವಿಷಯ. ಹಳೆಯ ಮಿಷಿನ್ ಒಂದನ್ನು ಕೊಂಡು ಹೋಂಸ್ಟೇಯಲ್ಲಿ ಇಡೋಣ ಅಂತ ಮಗಳ ಆಸೆ. ನಮ್ಮ ಕಡೆಯ ಮಳೆಗೆ ಅದು ತಡೆಯುತ್ತದೆಯೇ?

ಉತ್ತರ: ಮೋಸ ಇಲ್ಲ. ಆದರೆ ನಿಮ್ಮ ಅನುಮಾನವೂ ಸುಮ್ನೆ ಬಂದದ್ದಲ್ಲ. ಅದೇ ಗೇಮ್ ಜೋನ್‌ನಲ್ಲಿ ಕೊಕ್ಕೆ ಇಳಿಸಿ ಗೊಂಬೆ ಎತ್ತುವ ಮಿಷಿನ್ ನೋಡಿರುತ್ತೀರಿ. ಅದರ ಕೊಕ್ಕೆ ಎಷ್ಟು ಬಿಗಿಯಾಗಿ ಹಿಡಿಯಬೇಕು ಎನ್ನುವುದನ್ನು ಮಾಲೀಕರು ಸೆಟ್ ಮಾಡಬಹುದು. ಪಿನ್‌ಬಾಲ್‌ನ ಕಥೆ ಬೇರೆ. ಸುಮಾರು 80 ಗ್ರಾಂ ತೂಕದ ಉಕ್ಕಿನ ಗುಂಡು, ಆರೂವರೆ ಡಿಗ್ರಿ ಇಳಿಜಾರಿನ ಮರದ ಹಲಗೆ. ಗುಂಡು ಕೆಳಗೆ ಬರುವುದು ಭೂಮಿ ಎಳೆಯುವುದರಿಂದ. ಅದನ್ನು ಯಾವ ಸಾಫ್ಟ್‌ವೇರೂ ಬದಲಾಯಿಸುವುದಿಲ್ಲ.

ಹಾಗಂತ ಎಲ್ಲ ಮಿಷಿನ್ ಒಂದೇ ಥರ ಆಡುವುದಿಲ್ಲ. ಮಾಲೀಕರ ಕೈಯಲ್ಲಿ ಕೆಲವು ವಿಷಯಗಳಿವೆ. ಹಿಂದಿನ ಕಾಲುಗಳ ಬೋಲ್ಟ್ ತಿರುಗಿಸಿ ಇಳಿಜಾರು ಹೆಚ್ಚಿಸಿದರೆ ಬಾಲ್ ವೇಗವಾಗಿ ಬರುತ್ತದೆ. ಎಡಕ್ಕೂ ಬಲಕ್ಕೂ ಅಂಚಿನಲ್ಲಿ ಬಾಲನ್ನು ನುಂಗುವ ಓಣಿಗಳಿವೆ, ಔಟ್‌ಲೇನ್ ಅನ್ನುತ್ತಾರೆ. ಅದರ ಬಾಯಲ್ಲಿರುವ ರಬ್ಬರ್ ಕಂಬವನ್ನು ಒಂದು ತೂತಿನಿಂದ ಇನ್ನೊಂದಕ್ಕೆ ಸರಿಸಿದರೆ ಬಾಯಿ ಅಗಲವಾಗುತ್ತದೆ. ಶುರುವಿನಲ್ಲೇ ಬಾಲ್ ಹೋದರೆ ವಾಪಸ್ ಕೊಡುವ ‘ಬಾಲ್ ಸೇವ್’ ಎಷ್ಟು ಸೆಕೆಂಡ್ ಇರಬೇಕು ಎನ್ನುವುದು ಮೆನುವಿನಲ್ಲಿದೆ. ಆಟ ಮುಗಿದ ಮೇಲೆ ಸ್ಕೋರಿನ ಕೊನೆಯ ಎರಡು ಅಂಕಿ ಮಿಷಿನ್ ತೋರಿಸುವ ಸಂಖ್ಯೆಗೆ ಹೊಂದಿದರೆ ಇನ್ನೊಂದು ಆಟ ಪುಕ್ಕಟೆ, ಅದರ ಹೆಸರು ‘ಮ್ಯಾಚ್’. ಅದೊಂದು ಮಾತ್ರ ನಿಜವಾಗಿ ಲಾಟರಿ. ಎಷ್ಟು ಸಲಕ್ಕೊಮ್ಮೆ ಹೊಂದಬೇಕು ಅಂತ ಮೆನುವಿನಲ್ಲೇ ಸೆಟ್ ಮಾಡಿರುತ್ತಾರೆ.

ಬೇಕಂತಲೇ ಬಾಲಿಗೆ ಕಾಟ ಕೊಡುವ ಮಿಷಿನ್‌ಗಳೂ ಇವೆ. 1992ರಲ್ಲಿ ಬಂದ ‘ದಿ ಆಡಮ್ಸ್ ಫ್ಯಾಮಿಲಿ’ಯ ಹಲಗೆಯ ಅಡಿಯಲ್ಲಿ ವಿದ್ಯುತ್ ಅಯಸ್ಕಾಂತಗಳಿವೆ. ಕೆಲವು ಹೊತ್ತಿನಲ್ಲಿ ಅವು ಚಾಲೂ ಆಗಿ ನೆಟ್ಟಗೆ ಹೋಗುವ ಬಾಲನ್ನು ಅಡ್ಡ ಎಳೆಯುತ್ತವೆ. ಆಡುವವರು ಅದಕ್ಕೆ ಮುನಿಸಿಕೊಳ್ಳಲಿಲ್ಲ. 20,270 ಮಿಷಿನ್ ಮಾರಾಟವಾಗಿ, ಎಲೆಕ್ಟ್ರಾನಿಕ್ ಕಾಲದ ಪಿನ್‌ಬಾಲ್‌ಗಳಲ್ಲಿ ಅದೇ ಮೊದಲ ಸ್ಥಾನಕ್ಕೆ ಹೋಯಿತು.

ಈಗ ನಿಮ್ಮ ಅರ್ಧ ನಿಮಿಷದ ವಿಷಯ. ನೀವು ಆಡಿದ್ದನ್ನು ನಾನು ನೋಡಿಲ್ಲ, ಆದರೂ ಏನಾಯಿತು ಅಂತ ಹೇಳಬಲ್ಲೆ. ಬಾಲ್ ಕೆಳಗೆ ಬಂದ ಕೂಡಲೇ ಎರಡೂ ಬಟನ್ ಒಟ್ಟಿಗೆ ಒತ್ತಿದಿರಿ. ಮತ್ತೆ ಒತ್ತಿದಿರಿ. ಬಾಲ್ ಮೇಲೆ, ತಾಗಿದರೆ ಚಿಮ್ಮಿಸುವ ಬಂಪರ್‌ಗಳ ನಡುವೆ ಇದ್ದಾಗಲೂ ಒತ್ತುತ್ತಲೇ ಇದ್ದಿರಿ. ಅಲ್ವಾ? ಹೊಸಬರು ನೂರಕ್ಕೆ ತೊಂಬತ್ತು ಜನ ಹೀಗೇ ಆಡುವುದು. ಬಾಲ್ ಬಂದರೆ ಹೊಡೆಯಬೇಕು ಅನ್ನುವುದೇ ತಲೆಯಲ್ಲಿರುತ್ತದೆ. ಪಿನ್‌ಬಾಲ್‌ನಲ್ಲಿ ಬಾಲ್ ಬಂದರೆ ಮೊದಲು ಹಿಡಿಯಬೇಕು. ಕೇರಂ ಆಡುವಾಗ ಸ್ಟ್ರೈಕರನ್ನು ಗೆರೆ ಮೇಲೆ ಇಟ್ಟು, ಕಾಯಿ ನೋಡಿ, ಕೋನ ನೋಡಿ, ಆಮೇಲೆ ತಾನೇ ಹೊಡೆಯುತ್ತೀರಿ? ಇಲ್ಲೂ ಹಾಗೇ ಇಟ್ಟು ಹೊಡೆಯುವುದಕ್ಕೆ ಜಾಗ ಇದೆ. ಅದು ಎತ್ತಿ ಹಿಡಿದ ಫ್ಲಿಪ್ಪರ್‌ನ ಬುಡ. ಬಟನ್ ಒತ್ತಿದರೆ ಮೇಲೆದ್ದು ಬಾಲ್ ಹೊಡೆಯುವ ಗಿಡ್ಡ ಕೋಲಿಗೆ ಫ್ಲಿಪ್ಪರ್ ಅನ್ನುತ್ತಾರೆ.

ಹೇಗೆ ಅಂತ ಹೇಳುತ್ತೇನೆ. ಔಟ್‌ಲೇನ್‌ನ ಪಕ್ಕದಲ್ಲೇ ಇನ್ನೊಂದು ಓಣಿ ಇದೆ. ಅದರಲ್ಲಿ ಇಳಿದ ಬಾಲ್ ಉರುಳುತ್ತಾ ಸೀದಾ ಫ್ಲಿಪ್ಪರ್ ಮೇಲೆ ಬರುತ್ತದೆ. ಬಲಗಡೆಯಿಂದ ಬರುತ್ತಿದೆ ಅಂದುಕೊಳ್ಳಿ. ಬಾಲ್ ಫ್ಲಿಪ್ಪರ್ ಮುಟ್ಟುವ ಮುಂಚೆಯೇ ಬಲಗಡೆಯ ಬಟನ್ ಒತ್ತಿ, ಒತ್ತಿಯೇ ಇರಿ. ಫ್ಲಿಪ್ಪರ್ ಮೇಲಕ್ಕೆ ಎದ್ದಿರುತ್ತದೆ. ನಿಧಾನವಾಗಿ ಬಂದ ಬಾಲ್ ಅದರ ಮೇಲೆ ಸ್ವಲ್ಪ ಏರಿ, ವಾಪಸ್ ಉರುಳಿ, ಬುಡದ ಮೂಲೆಯಲ್ಲಿ ಕೂತುಬಿಡುತ್ತದೆ. ಈಗ ಅವಸರವೇ ಇಲ್ಲ. ಹೀಗೆ ಹಿಡಿದರೆ ಫ್ಲಿಪ್ಪರ್ ಎತ್ತುವ ತಂತಿಸುರುಳಿ, ಅಂದರೆ ಕಾಯಿಲ್, ಸುಟ್ಟುಹೋಗುತ್ತದೆ ಅಂತ ಕೆಲವರು ಹೆದರುತ್ತಾರೆ. ಸುಡುವುದಿಲ್ಲ. ಬಟನ್ ಒತ್ತಿದ ಕ್ಷಣ ಮಾತ್ರ ಕಾಯಿಲ್‌ಗೆ ಜೋರು ಕರೆಂಟ್ ಹೋಗುತ್ತದೆ. ಫ್ಲಿಪ್ಪರ್ ಪೂರ್ತಿ ಎದ್ದ ಮೇಲೆ, ಹಿಡಿದುಕೊಳ್ಳುವಷ್ಟು ಸಣ್ಣ ಕರೆಂಟ್ ಸಾಕು.

ಇನ್ನು ಹೊಡೆಯುವುದು. ಬಟನ್ ಬಿಟ್ಟರೆ ಫ್ಲಿಪ್ಪರ್ ಕೆಳಗಿಳಿದು ಬಾಲ್ ತುದಿಯ ಕಡೆ ಉರುಳತೊಡಗುತ್ತದೆ. ಬುಡದ ಹತ್ತಿರ ಇರುವಾಗಲೇ ಹೊಡೆದರೆ ಬಾಲ್ ಹೆಚ್ಚುಕಡಿಮೆ ಅದೇ ಬದಿಗೆ, ಮೇಲಕ್ಕೆ ಹೋಗುತ್ತದೆ. ತುದಿಗೆ ಬರುವ ತನಕ ಕಾದು ಹೊಡೆದರೆ ಅಡ್ಡ ಹಾಯ್ದು ಎದುರು ಬದಿಗೆ ಹೋಗುತ್ತದೆ. ನಡುವೆ ಇರುವ ಗುರಿಗಳೆಲ್ಲ ಈ ಎರಡರ ನಡುವಿನ ಸಮಯದಲ್ಲಿವೆ. ಪಿನ್‌ಬಾಲ್‌ನಲ್ಲಿ ಗುರಿ ಇಡುವುದು ಅಂದರೆ ಇಷ್ಟೇ, ಹೊಡೆಯುವ ಹೊತ್ತು ಆರಿಸುವುದು. ಬಟನ್ನನ್ನು ಎಷ್ಟು ಜೋರಾಗಿ ಗುದ್ದಿದರೂ ಫ್ಲಿಪ್ಪರ್‌ಗೆ ಸಿಗುವ ಶಕ್ತಿ ಅಷ್ಟೇ. ಗೇಮ್ ಜೋನ್‌ನಲ್ಲಿ ಬಟನ್ ಗುದ್ದುವವರನ್ನು ಕಂಡರೆ, ಅದರ ಹಿಂದಿರುವ ಸ್ವಿಚ್‌ನ ಪಾಡು ನೆನೆದು ನನ್ನಂಥ ರಿಪೇರಿಯವರಿಗೆ ಸಂಕಟವಾಗುತ್ತದೆ.

ಇನ್ನೂ ಒಂದು ಉಪಾಯ ಇದೆ, ನೋಡಿದವರಿಗೆ ಹುಚ್ಚು ಅನ್ನಿಸುತ್ತದೆ. ಬಾಲ್ ಮೇಲಿನಿಂದ ಒಂದು ಫ್ಲಿಪ್ಪರ್‌ನ ಮೇಲೆ ನೇರ ಬೀಳುತ್ತಿದ್ದರೆ ಏನೂ ಮಾಡಬೇಡಿ. ಕೈ ಬಿಗಿ ಹಿಡಿದು ಸುಮ್ನಿರಿ. ಫ್ಲಿಪ್ಪರ್‌ನ ರಬ್ಬರ್‌ಗೆ ಬಡಿದು ಬಾಲ್ ಆ ಕಡೆಯ ಫ್ಲಿಪ್ಪರ್‌ಗೆ ಹಾರುತ್ತದೆ. ಅಷ್ಟರಲ್ಲಿ ಅದರ ವೇಗ ಕಮ್ಮಿಯಾಗಿರುತ್ತದೆ. ಅಲ್ಲಿ ಹಿಡಿಯಬಹುದು. ಎರಡೂ ಬಟನ್ ಒಟ್ಟಿಗೆ ಒತ್ತಬೇಡಿ ಅನ್ನುವುದು ಇದಕ್ಕೇ. ಒಂದರಿಂದ ಹಾರಿ ಬಂದ ಬಾಲನ್ನು ತಡೆಯಲು ಇನ್ನೊಂದು ಕೆಳಗೇ ಇರಬೇಕು. ಮೊದಲ ಕೆಲವು ಸಲ ಬಾಲ್ ನಡುವೆ ಜಾರಿ ಹೋಗುತ್ತದೆ. ಹೋಗಲಿ ಬಿಡಿ. ಯಾವ ಬಾಲ್ ತಾನಾಗಿ ಹಾರುತ್ತದೆ, ಯಾವುದಕ್ಕೆ ಕೈ ಹಾಕಲೇಬೇಕು ಅನ್ನುವುದು ಕಣ್ಣಿಗೆ ಹತ್ತಲು ಸ್ವಲ್ಪ ಕಾಲ ಬೇಕು.

ಬಾಲ್ ಹಿಡಿಯಲು ಬಂದ ಮೇಲೆಯೇ ಹೊಸ ಮಿಷಿನ್‌ಗಳ ರುಚಿ ಸಿಗುವುದು. ನಮ್ಮಲ್ಲಿ ಬಹಳ ಜನ ಪಿನ್‌ಬಾಲ್ ಆಡಿದ್ದು ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರ್‌ನಲ್ಲಿ. ‘ಸ್ಪೇಸ್ ಕೆಡೆಟ್’ ಅಂತ ಒಂದೇ ಟೇಬಲ್, ಝಡ್ ಕೀ ಒತ್ತಿದರೆ ಎಡ ಫ್ಲಿಪ್ಪರ್. ಸುಮ್ನೆ ಬಾಲ್ ಹೊಡೆಯುತ್ತಿದ್ದೆವು. ಅದರಲ್ಲೂ ಮುಗಿಸಬೇಕಾದ ಕೆಲಸಗಳು, ಬಡ್ತಿಗಳು ಇದ್ದವು ಅಂತ ಎಷ್ಟು ಜನ ಗಮನಿಸಿದ್ದೀರಿ? ಈಗಿನ ಮಿಷಿನ್‌ಗಳಲ್ಲಿ ಅದು ನೂರು ಪಾಲು ಬೆಳೆದಿದೆ. ಒಂದು ರ‍್ಯಾಂಪ್ ಇಷ್ಟು ಸಲ ಹತ್ತಿಸಿದರೆ ಒಂದು ಮೋಡ್, ಅಂದರೆ ಆಟದೊಳಗಿನ ಒಂದು ಸಣ್ಣ ಆಟ, ಶುರು. ಆ ಮೋಡ್‌ನಲ್ಲಿ ಉರಿಯುವ ಬಾಣಗಳಿಗೆ ಮಾತ್ರ ಹೊಡೆಯಬೇಕು. ಮುಗಿಸಿದರೆ ಇನ್ನೊಂದಕ್ಕೆ ದಾರಿ. ಒಟ್ಟಿಗೆ ಎರಡು, ಮೂರು ಬಾಲ್ ಬಿಡುವ ಮಲ್ಟಿಬಾಲ್ ಬೇರೆ.

ಇದನ್ನೆಲ್ಲ ಕಲಿತು ಹೋಗಬೇಕಾಗಿಲ್ಲ. ಮಿಷಿನ್ನೇ ಹೇಳುತ್ತದೆ. ಹಲಗೆಯ ಕೆಳ ಅಂಚಿನಲ್ಲಿ ಒಂದು ಚೀಟಿ ಇರುತ್ತದೆ. ಅದರಲ್ಲಿ ಮಲ್ಟಿಬಾಲ್ ಹೇಗೆ ಶುರು ಮಾಡುವುದು ಅಂತ ಬರೆದಿರುವ ಒಂದೆರಡು ಸಾಲು ಮಾತ್ರ ಓದಿ. ಹೊಸಬರು ಸ್ಕೋರ್ ಮಾಡುವುದು ಅಲ್ಲೇ. ಆಮೇಲೆ ಮಿಣುಕುವ ಬಾಣ ನೋಡಿ. ಮಿಣುಕುತ್ತಿದೆ ಅಂದರೆ ಅಲ್ಲಿಗೆ ಹೊಡಿ ಅಂತ ಅರ್ಥ. ಬಾಲನ್ನು ಹಿಡಿದು ಬಟನ್ ಕೆಲವು ಸೆಕೆಂಡ್ ಒತ್ತಿಯೇ ಇದ್ದರೆ ಬಹಳಷ್ಟು ಹೊಸ ಮಿಷಿನ್‌ಗಳ ಸ್ಕ್ರೀನ್ ಮೇಲೆ ಎಲ್ಲಿಗೆ ಬಂದಿದ್ದೀರಿ, ಏನು ಬಾಕಿ ಇದೆ ಅನ್ನುವ ಲೆಕ್ಕವೂ ಬರುತ್ತದೆ. ಮಲ್ಟಿಬಾಲ್ ಶುರುವಾದಾಗ ಗಾಬರಿ ಬೇಡ. ಒಂದು ಬಾಲನ್ನು ಒಂದು ಫ್ಲಿಪ್ಪರ್‌ನಲ್ಲಿ ಹಿಡಿದಿಟ್ಟು ಇನ್ನೊಂದರಲ್ಲಿ ಆಡಿ.

2021ರಲ್ಲಿ ಸ್ಟರ್ನ್ ಕಂಪನಿ ತಂದ ‘ಗಾಡ್ಜಿಲ್ಲಾ’ ಎಲ್ಲಾದರೂ ಸಿಕ್ಕರೆ ಬಿಡಬೇಡಿ. ಅದನ್ನು ವಿನ್ಯಾಸ ಮಾಡಿದ ಕೀತ್ ಎಲ್ವಿನ್ ಸ್ವತಃ ವಿಶ್ವ ಚಾಂಪಿಯನ್ ಆಟಗಾರ. ಆಡಿ ಗೊತ್ತಿದ್ದವರು ಮಾಡಿದ ಮಿಷಿನ್ ಅಂತ ಬಾಲ್ ಉರುಳುವ ದಾರಿಯಲ್ಲೇ ತಿಳಿಯುತ್ತದೆ. ಆ ವರ್ಷದಿಂದ ಸ್ಟರ್ನ್ ಮಿಷಿನ್‌ಗಳಲ್ಲಿ ಕ್ಯೂಆರ್ ಕೋಡ್ ತೋರಿಸಿ ನಿಮ್ಮ ಹೆಸರಿನಲ್ಲಿ ಸ್ಕೋರ್ ಇಟ್ಟುಕೊಳ್ಳುವ ವ್ಯವಸ್ಥೆಯೂ ಬಂದಿದೆ. ಮಗಳಿಗೆ ಇಷ್ಟವಾಗಬಹುದು. ನನಗೆ ಅದರ ಹುಚ್ಚಿಲ್ಲ.

ಟಿಲ್ಟ್ ವಿಷಯಕ್ಕೆ ಬರೋಣ. ಅಲ್ಲಾಡಿಸಿದ್ದು ತಪ್ಪಲ್ಲ, ಅಲ್ಲಾಡಿಸಿದ ರೀತಿ ತಪ್ಪು. ಮಿಷಿನ್‌ನ ಪೆಟ್ಟಿಗೆಯೊಳಗೆ, ಕಾಯಿನ್ ಬಾಗಿಲು ತೆರೆದರೆ ಎಡಗಡೆ, ಒಂದು ಕಡ್ಡಿಗೆ ಚೂಪಾದ ಲೋಹದ ತೂಕ ನೇತಾಡುತ್ತಿರುತ್ತದೆ. ಸುತ್ತ ಒಂದು ಲೋಹದ ಬಳೆ. ಮಿಷಿನ್ ಜೋರಾಗಿ ಅಲ್ಲಾಡಿದರೆ ತೂಕ ಬಳೆಗೆ ತಾಗಿ ಸರ್ಕ್ಯೂಟ್ ಪೂರ್ತಿಯಾಗುತ್ತದೆ. 1930ರ ದಶಕದ ಉಪಾಯ ಇದು, ಇವತ್ತಿಗೂ ಬದಲಾಗಿಲ್ಲ. ಸಾಮಾನ್ಯವಾಗಿ ಎರಡು ಸಲ ಎಚ್ಚರಿಕೆ ಕೊಟ್ಟು, ಮೂರನೆಯದಕ್ಕೆ ಫ್ಲಿಪ್ಪರ್‌ಗಳನ್ನು ಬಂದ್ ಮಾಡುತ್ತದೆ. ಆ ಬಾಲ್ ಹೋಯಿತು, ಆ ಬಾಲಿನ ಬೋನಸ್ ಕೂಡ ಹೋಯಿತು. ಮುಂದಿನ ಬಾಲ್ ಇದ್ದರೆ ಸಿಗುತ್ತದೆ. ಕಾಯಿನ್ ಬಾಗಿಲಿಗೆ ಒದ್ದರೆ, ಪೆಟ್ಟಿಗೆ ಎತ್ತಿ ಕುಕ್ಕಿದರೆ ಬೇರೆ ಸ್ವಿಚ್ ಇದೆ, ಅದು ಆಟವನ್ನೇ ಮುಗಿಸುತ್ತದೆ. ನೀವು ಅಷ್ಟು ದೂರ ಹೋಗಿರಲಿಕ್ಕಿಲ್ಲ ಅಂದುಕೊಂಡಿದ್ದೇನೆ.

ಮೆಲ್ಲಗೆ ನೂಕುವುದು ಆಟದ್ದೇ ಭಾಗ. ಬಾಲ್ ಔಟ್‌ಲೇನ್‌ನ ಕಂಬಕ್ಕೆ ಬಡಿಯುವ ಆ ಒಂದು ಕ್ಷಣದಲ್ಲಿ ಅಂಗೈಯಿಂದ ಪೆಟ್ಟಿಗೆಯನ್ನು ಒಮ್ಮೆ ಚಿಕ್ಕದಾಗಿ ತಳ್ಳಿದರೆ ಬಾಲ್ ಒಳ ಓಣಿಗೆ ಬೀಳುತ್ತದೆ. ಒಂದೇ ಸಲ. ಹಿಂದೆ ಮುಂದೆ ತೂಗಿದರೆ ಒಳಗಿನ ತೂಕವೂ ತೂಗತೊಡಗುತ್ತದೆ, ಆಮೇಲೆ ನೀವು ಕೈ ಬಿಟ್ಟರೂ ಅದು ಬಳೆಗೆ ತಾಗುತ್ತಲೇ ಇರುತ್ತದೆ. ಎಚ್ಚರಿಕೆ ಬಂದ ಮೇಲೆ ಒಂದೆರಡು ಸೆಕೆಂಡ್ ಮಿಷಿನ್ ನೂಕದೆ ಆಡಿ. ಟಿಲ್ಟ್ ಆದರೆ ಮುಂದಿನ ಬಾಲ್ ಬಿಡುವ ಮೊದಲೂ ಸ್ವಲ್ಪ ತಡೆಯಿರಿ.

ಜೂಜಿನ ಮಿಷಿನ್ ಇರಬಹುದೇನೋ ಅಂತ ಮನೆಯಲ್ಲಿ ಯಾರಾದರೂ ಕೇಳಿದರೆ ಅದಕ್ಕೂ ಉತ್ತರ ಇಟ್ಟುಕೊಳ್ಳಿ. ಒಂದು ಕಾಲದಲ್ಲಿ ಆ ಹೆಸರು ಇತ್ತು. 1931ರಲ್ಲಿ ಅಮೆರಿಕದಲ್ಲಿ ‘ಬ್ಯಾಫಲ್ ಬಾಲ್’ ಓಡತೊಡಗಿದಾಗ ಮಿಷಿನ್‌ಗಳಿಗೆ ಫ್ಲಿಪ್ಪರೇ ಇರಲಿಲ್ಲ. ಬಾಲ್ ಬಿಟ್ಟ ಮೇಲೆ ಅದೃಷ್ಟ. ನ್ಯೂಯಾರ್ಕ್ ನಗರ 1942ರಲ್ಲಿ ಬ್ಯಾನ್ ಮಾಡಿತು. ಫ್ಲಿಪ್ಪರ್ ಬಂದಿದ್ದು 1947ರ ‘ಹಂಪ್ಟಿ ಡಂಪ್ಟಿ’ಯಲ್ಲಿ. ಆದರೂ ಬ್ಯಾನ್ 1976ರ ತನಕ ಹೋಗಲಿಲ್ಲ. ರೋಜರ್ ಶಾರ್ಪ್ ಎಂಬಾತ ನಗರಸಭೆಯ ಮುಂದೆ, ಬಾಲ್ ಇಂಥ ಓಣಿಗೇ ಹೋಗುತ್ತದೆ ಅಂತ ಮೊದಲೇ ಹೇಳಿ ಹಾಗೇ ಬಿಟ್ಟು ತೋರಿಸಿದ ಮೇಲೆ ತೆಗೆದರು. ತಮಾಷೆ ಅಂದರೆ ಆ ಹೊಡೆತ ಫ್ಲಿಪ್ಪರ್‌ನಿಂದಲ್ಲ, ಶುರುವಿನಲ್ಲಿ ಸ್ಪ್ರಿಂಗ್ ಎಳೆದು ಬಿಡುತ್ತಾರಲ್ಲ, ಅದರಿಂದ.

ಇನ್ನು ಹೋಂಸ್ಟೇ. ಇಲ್ಲಿ ನಾನು ಸ್ವಲ್ಪ ಕಹಿಯಾಗಿ ಮಾತಾಡಬೇಕು.

ಹೊಸ ಮಿಷಿನ್ ಯೋಚನೆ ಬಿಡಿ. ಸ್ಟರ್ನ್‌ನ ‘ಪ್ರೊ’ ಮಾದರಿಯೇ ಅಮೆರಿಕದಲ್ಲಿ ಸುಮಾರು 7,000 ಡಾಲರ್. ಅದರ ಮೇಲೆ ಹಡಗು, ಸುಂಕ, ಲಾರಿ. ತೂಕ ನೂರು ಕಿಲೋಗೂ ಜಾಸ್ತಿ. ಅಡಿಕೆ ಮೂಟೆ ಹೊರುವವರು ಇದ್ದಾರೆ, ಮನೆವರೆಗೆ ಬರುತ್ತದೆ. ಕೆಟ್ಟಾಗ ನೋಡುವವರು ಬರುವುದಿಲ್ಲ.

ಹಳೆಯದು ಸಿಕ್ಕರೆ ಮೊದಲ ಪ್ರಶ್ನೆ ತೇವ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ. ನಿಮ್ಮ ಕಡೆ ಅಷ್ಟಿಲ್ಲ, ಆದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಮರದ ಬೀರುವಿನಲ್ಲಿ ಇಟ್ಟ ಚರ್ಮದ ಬೆಲ್ಟ್‌ಗೆ ಬೂಷ್ಟು ಹಿಡಿಯುವುದು ನಿಮಗೆ ನಾನು ಹೇಳಬೇಕೇ? ಪಿನ್‌ಬಾಲ್‌ನ ಹಲಗೆ ಪ್ಲೈವುಡ್. ಮೇಲೆ ಗಟ್ಟಿ ಮೆರುಗು ಇದೆ, ಅಡಿಯಲ್ಲಿ ಇಲ್ಲ. ತೇವ ಕುಡಿದರೆ ಉಬ್ಬಿ, ಬಾಣದ ಲೈಟುಗಳ ಪ್ಲಾಸ್ಟಿಕ್ ಸುತ್ತ ಏರುತಗ್ಗಾಗುತ್ತದೆ. ಬಾಲ್ ಅಲ್ಲಿ ಕುಣಿಯುತ್ತದೆ. ಬಾಲಿಗೆ ತುಕ್ಕಿನ ಚುಕ್ಕೆ ಬಂದರೆ ಅದು ಉರುಳಿದ ಕಡೆಯೆಲ್ಲ ಹಲಗೆಯ ಬಣ್ಣ ತಿನ್ನುತ್ತದೆ. ಬಾಲ್ ಅಗ್ಗ, ಬದಲಾಯಿಸಿ. ಹಲಗೆ ಅಗ್ಗವಲ್ಲ. ನಿಮ್ಮಲ್ಲಿ ಬಚ್ಚಲೊಲೆಯ ಬಿಸಿ ತಾಗುವ ಒಳಕೋಣೆ ಇದ್ದರೆ ಅಲ್ಲಿಡಿ, ಜಗಲಿಯಲ್ಲಿ ಬೇಡ. ಮಳೆಗಾಲದಲ್ಲಿ ದಿನಾ ಸ್ವಲ್ಪ ಹೊತ್ತು ಮಿಷಿನ್ ಹಾಕಿಡಿ, ಒಳಗಿನ ಬಿಸಿಗೆ ತೇವ ಕಮ್ಮಿಯಾಗುತ್ತದೆ. ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್ ಇಟ್ಟರೆ ಇನ್ನೂ ಒಳ್ಳೆಯದು. ಬಟ್ಟೆ ಹೊದಿಸಿ ತಿಂಗಳುಗಟ್ಟಲೆ ಬಿಟ್ಟರೆ ಇಲಿ ಸಂಸಾರ ಹೂಡುತ್ತದೆ. ಒಳಗೆ ತಂತಿಗಳ ದೊಡ್ಡ ಕಟ್ಟೇ ಇದೆ, ಅದಕ್ಕೆ ಹಬ್ಬ.

ಕರೆಂಟ್ ವಿಷಯದಲ್ಲಿ ಉದಾಸೀನ ಬೇಡವೇ ಬೇಡ. ಅಮೆರಿಕದ ಹಳೆಯ ಮಿಷಿನ್ ಅಲ್ಲಿನ 115 ವೋಲ್ಟ್‌ಗೆ ಸೆಟ್ ಆಗಿರುತ್ತದೆ. ಟ್ರಾನ್ಸ್‌ಫಾರ್ಮರ್‌ನ ಜೋಡಣೆ ನಮ್ಮ 230ಕ್ಕೆ ಬದಲಾಯಿಸಿದ್ದಾರೋ ಇಲ್ಲವೋ ನೋಡದೆ ಪ್ಲಗ್ ಹಾಕಬೇಡಿ. ಅರ್ಥಿಂಗ್ ಸರಿ ಇರಲೇಬೇಕು. ಆಡುವವರ ಕೈ ಇಡೀ ಹೊತ್ತು ಲೋಹದ ಪಟ್ಟಿಯ ಮೇಲೇ ಇರುತ್ತದೆ, ನೆಲ ತೇವವಾಗಿರುತ್ತದೆ. ಸ್ಟೆಬಿಲೈಸರ್ ಹಾಕಿ. ಗುಡುಗು ಸಿಡಿಲು ಶುರುವಾದರೆ ಪ್ಲಗ್ ಕಿತ್ತಿಡಿ. ಟಿವಿಗೆ ಮಾಡುವುದನ್ನೇ ಇದಕ್ಕೂ ಮಾಡಿದರೆ ಸಾಕು. ಇನ್ನು ಹಳೆಯ ಮನೆಗಳ ಕಾವಿ ನೆಲ ಕಣ್ಣಿಗೆ ಸಮ ಕಂಡರೂ ಎಲ್ಲೋ ಒಂದು ಕಡೆ ಓರೆ ಇರುತ್ತದೆ. ಎಡಬಲ ಸಮ ಇದೆಯೇ ಅಂತ ರಸಮಟ್ಟ ಇಟ್ಟು ನೋಡಿ, ಕಾಲಿನ ಬೋಲ್ಟ್ ತಿರುಗಿಸಿ ಸರಿಮಾಡಿ. ಇಲ್ಲದಿದ್ದರೆ ಎಲ್ಲ ಬಾಲೂ ಒಂದೇ ಔಟ್‌ಲೇನ್‌ಗೆ ಹೋಗಿ, ನಿಮ್ಮ ಅತಿಥಿಗಳು ನನಗೆ ಇದೇ ಮೋಸದ ಪ್ರಶ್ನೆ ಬರೆಯುತ್ತಾರೆ.

ಇಷ್ಟಾದರೂ ಬೇಕು ಅನ್ನಿಸಿದರೆ, ಮುಂಗಡ ಕೊಡುವ ಮೊದಲು ಮಾರುವವರ ಹತ್ತಿರ ಎರಡು ಫೋಟೊ ಕೇಳಿ. ಹಲಗೆಯ ಗಾಜು ತೆಗೆದು, ಫ್ಲಿಪ್ಪರ್‌ಗಳ ಮುಂದಿನ ಜಾಗ ಹತ್ತಿರದಿಂದ ತೆಗೆದದ್ದು ಒಂದು. ಬಣ್ಣ ಸವೆದು ಮರ ಕಾಣುತ್ತಿದ್ದರೆ ಬೆಲೆ ಇಳಿಸಿ ಅನ್ನಿ. ಹಿಂದಿನ ಎತ್ತರದ ಪೆಟ್ಟಿಗೆ ತೆರೆದು, ಮುಖ್ಯ ಬೋರ್ಡ್‌ನದು ಇನ್ನೊಂದು. 1990ರ ದಶಕದ ಬಹಳ ಮಿಷಿನ್‌ಗಳಲ್ಲಿ ಆ ಬೋರ್ಡ್ ಮೇಲೇ ಮೂರು ಪೆನ್ಸಿಲ್ ಸೆಲ್ ಹಾಕುತ್ತಾರೆ, ಸೆಟ್ಟಿಂಗ್ ನೆನಪಿಟ್ಟುಕೊಳ್ಳಲು. ವರ್ಷಗಟ್ಟಲೆ ಬಿಟ್ಟರೆ ಅವು ಸೋರುತ್ತವೆ. ಸೆಲ್‌ನ ಕೆಳಗೆ ತಾಮ್ರದ ಗೆರೆಗಳು ಹಸಿರಾಗಿದ್ದರೆ, ಬಿಳಿ ಪುಡಿ ಹಿಡಿದಿದ್ದರೆ ಆ ಮಿಷಿನ್ ಬಿಟ್ಟುಬಿಡಿ. ಚೆನ್ನಾಗಿದ್ದರೆ, ಮನೆಗೆ ಬಂದ ದಿನವೇ ಆ ಸೆಲ್‌ಗಳನ್ನು ಬೋರ್ಡ್‌ನಿಂದ ತೆಗೆಸಿ, ತಂತಿ ಎಳೆದು ದೂರದಲ್ಲಿ ಒಂದು ಹೋಲ್ಡರ್‌ನಲ್ಲಿ ಹಾಕಿಸಿ. ಊರಿನ ಟಿವಿ ರಿಪೇರಿಯವರೇ ಮಾಡಿಕೊಡಬಹುದಾದ ಕೆಲಸ ಅದು.